ಸೋಲೋ ಹಡಗಿನ ರೇಡಾರ್ ಪಾಳಿ

1992ರ ನವೆಂಬರಿನಲ್ಲಿ ಜಪಾನಿನ 'ಅಕತ್ಸುಕಿ ಮಾರು' ಹಡಗು ಫ್ರಾನ್ಸಿನಿಂದ ಸುಮಾರು ಒಂದೂವರೆ ಟನ್ ಪ್ಲುಟೋನಿಯಂ ಹೊತ್ತು ಹೊರಟಿತು. ಯಾವ ದಾರಿ ಅನ್ನೋದು ಗುಟ್ಟು. ಗ್ರೀನ್‌ಪೀಸ್‌ನ 'ಸೋಲೋ' ಅದರ ಬೆನ್ನು ಹತ್ತಿತು. ಬೆಂಗಾವಲು ಹಡಗು 'ಶಿಕಿಶಿಮಾ'ಗೂ ಸೋಲೋಗೂ ಡಿಕ್ಕಿಯೂ ಆಯ್ತು.

ಪ್ರತಿಭಟನೆ ಅಂದ್ರೆ ಬ್ಯಾನರು, ಘೋಷಣೆ ಅಂದ್ಕೊಳ್ತೀವಿ. ಇಲ್ಲಿ ಮುಖ್ಯ ಕೆಲಸ ಹಗಲೂ ರಾತ್ರಿ ಪಾಳಿ ಮೇಲೆ ರೇಡಾರ್ ನೋಡೋದು. ಬೋರು ಅನ್ನಿಸಬಹುದು. ಆದರೆ ಭೂಮಿ ದುಂಡಗಿರೋದ್ರಿಂದ ರೇಡಾರಿಗೂ ದಿಗಂತ ಇದೆ. ಆಂಟೆನಾ, ಎದುರಿನ ಹಡಗು ಎರಡೂ 25 ಮೀಟರ್ ಎತ್ತರ ಅಂತಿಟ್ಟುಕೊಳ್ಳೋಣ: 4.12 × (√25 + √25), ಅಂದರೆ ಸುಮಾರು 41 ಕಿಲೋಮೀಟರ್. ಅದಕ್ಕಿಂತ ದೂರ ಹೋದರೆ ಚುಕ್ಕಿ ಮಾಯ. 'ನಮ್ಮ ಹತ್ತಿರ ಬರಬೇಡಿ' ಅಂದಿದ್ದ ಕರಾವಳಿ ದೇಶಗಳಿಗೆ ಹಡಗು ಎಲ್ಲಿದೆ ಅಂತ ಹೇಳೋಕೆ ಸೋಲೋಗೆ ಆ ಚುಕ್ಕಿ ಬೇಕಿತ್ತು.

ಅಕತ್ಸುಕಿ ಮಾರು 1993ರ ಜನವರಿಯಲ್ಲಿ ಜಪಾನ್ ತಲುಪಿತು.