ಗಾಲ್ಫ್ ಆಟವೂ ಚಿತ್ತಸ್ವಾಸ್ಥ್ಯವೂ

ಗಾಲ್ಫ್ ಎಂದರೆ ಸಿರಿವಂತರ ಕಾಲಹರಣ ಎಂಬ ಭಾವನೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಅದು ಪೂರ್ಣವಾಗಿ ಸುಳ್ಳೆಂದು ಹೇಳಲಾಗದು. ಆದರೆ ಖಾರ್‌ಘರ್ ಕಣಿವೆಯಲ್ಲಿ, ಬೆಟ್ಟಗಳ ಬುಡದಲ್ಲಿ ಸಿಡ್ಕೊ ಸಂಸ್ಥೆಯು ಗಾಲ್ಫ್ ಮೈದಾನವೊಂದನ್ನು ನಿರ್ಮಿಸಿ 2012ರಲ್ಲಿ ಆಟಕ್ಕೆ ತೆರೆದ ಮೇಲೆ, ನವಿಮುಂಬಯಿಯ ನಿವಾಸಿಗಳಿಗೆ ಈ ಆಟವು ಕಣ್ಣಳತೆಯ ದೂರಕ್ಕೆ ಬಂದಿತು. ಕಲ್ಯಾಣ್, ಡೊಂಬಿವಲಿಗಳ ಕಡೆಯವರು ಥಾಣೆಯಲ್ಲಿ ಗಾಡಿ ಬದಲಿಸಿ ಪನವೇಲ್ ಲೋಕಲ್ ಹಿಡಿದರೆ ಖಾರ್‌ಘರ್ ನಿಲ್ದಾಣವನ್ನು ತಲುಪಬಹುದು. ಕೋಲು ಹಿಡಿದು ಆಡುವವರು ನಮ್ಮಲ್ಲಿ ಬೆರಳೆಣಿಕೆಯಷ್ಟೇ ಇರಬಹುದು. ಆದರೂ ಆರೋಗ್ಯದ ಪುಟಗಳಲ್ಲಿ ಈ ಆಟದ ವಿಚಾರವನ್ನು ಎತ್ತಿಕೊಳ್ಳಲು ಕಾರಣವುಂಟು. ತಾನೇ ಮಾಡಿದ ತಪ್ಪಿನ ಜೊತೆಯಲ್ಲಿ ಮನುಷ್ಯನನ್ನು ಇಷ್ಟು ದೀರ್ಘಕಾಲ ಒಂಟಿಯಾಗಿ ಬಿಡುವ ಆಟ ಮತ್ತೊಂದಿಲ್ಲ.

ಲೆಕ್ಕ ಹಾಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಪೂರ್ಣಪ್ರಮಾಣದ ಗಾಲ್ಫ್ ಸುತ್ತಿನಲ್ಲಿ ಹದಿನೆಂಟು ಗುಳಿಗಳು. ಎಲ್ಲ ಗುಳಿಗಳಿಗೂ ಸೇರಿ ನಿಪುಣ ಆಟಗಾರನು ತೆಗೆದುಕೊಳ್ಳಬೇಕಾದ ಹೊಡೆತಗಳ ಸಂಖ್ಯೆ ಸಾಮಾನ್ಯವಾಗಿ 72. ಇದಕ್ಕೆ ‘ಪಾರ್’ ಎಂದು ಹೆಸರು. ಒಂದು ಹೊಡೆತಕ್ಕೆ ಹಿಡಿಯುವ ಕಾಲ ಹೆಚ್ಚೆಂದರೆ ಎರಡು ಸೆಕೆಂಡು. ಅಂದರೆ 72 ಹೊಡೆತಗಳಿಗೂ ಕೂಡಿ ಎರಡೂವರೆ ನಿಮಿಷ ಸಾಕು. ಆದರೆ ಸುತ್ತು ಮುಗಿಯಲು ನಾಲ್ಕು ಗಂಟೆ, ಎಂದರೆ 240 ನಿಮಿಷ ಬೇಕು. ಉಳಿದ 237 ನಿಮಿಷಗಳಲ್ಲಿ ಆಟಗಾರನು ಮಾಡುವುದೇನು? ನಡೆಯುತ್ತಾನೆ, ನಿಲ್ಲುತ್ತಾನೆ, ಯೋಚಿಸುತ್ತಾನೆ. ಕ್ರಿಕೆಟ್ಟಿನಲ್ಲಿ ಕೆಟ್ಟ ಹೊಡೆತ ಹೊಡೆದವನು ಔಟಾಗಿ ಪೆವಿಲಿಯನ್ನಿಗೆ ಮರಳಿ ಯಾರನ್ನಾದರೂ ಬಯ್ದುಕೊಳ್ಳಬಹುದು. ಷಟ್ಲ್ ಆಟದಲ್ಲಿ ಎದುರಾಳಿಯ ಮರುಹೊಡೆತವು ಚಿಂತಿಸಲು ಅವಕಾಶವನ್ನೇ ಕೊಡುವುದಿಲ್ಲ. ಗಾಲ್ಫಿನಲ್ಲಿ ಮಾತ್ರ ಪೊದೆಯೊಳಗೆ ಬಿದ್ದ ತನ್ನ ಚೆಂಡಿನ ಕಡೆಗೆ ತಾನೇ ನೂರಾರು ಹೆಜ್ಜೆ ನಡೆದು ಹೋಗಬೇಕು. ಆ ನಡಿಗೆಯಲ್ಲಿ ಶರೀರದೊಳಗೆ ಏನು ನಡೆಯುತ್ತದೆಂಬುದೇ ಇಲ್ಲಿ ಮುಖ್ಯವಾದ ವಿಷಯ.

ಕೋಪ ಬಂದಾಗ ಮೂತ್ರಪಿಂಡಗಳ ಮೇಲ್ಭಾಗದಲ್ಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಹೃದಯದ ಬಡಿತ ಏರುತ್ತದೆ, ರಕ್ತದ ಒತ್ತಡ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯಾಗುತ್ತವೆ. ಇಷ್ಟು ಹಳೆಯ ತಿಳಿವಳಿಕೆ. ಅಮೆರಿಕದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಇನ್ನೊಂದು ಸಂಗತಿಯನ್ನು ಸೇರಿಸಿದೆ. 280 ಮಂದಿ ಆರೋಗ್ಯವಂತರನ್ನು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿನವರಿಗೆ ಹಿಂದೆ ತಮ್ಮನ್ನು ಕೆರಳಿಸಿದ್ದ ಪ್ರಸಂಗವೊಂದನ್ನು ಎಂಟು ನಿಮಿಷಗಳ ಕಾಲ ನೆನಪಿಸಿಕೊಳ್ಳುವಂತೆ ಹೇಳಲಾಯಿತು. ಅವರ ರಕ್ತನಾಳಗಳ ಹಿಗ್ಗುವ ಶಕ್ತಿಯು ಕುಂದಿತು. ಆ ಕುಂದು ನಲವತ್ತು ನಿಮಿಷಗಳವರೆಗೂ ಉಳಿದಿತ್ತು. ದುಃಖವನ್ನೋ ಆತಂಕವನ್ನೋ ನೆನೆದ ಗುಂಪುಗಳಲ್ಲಿ ಅಂಥ ಪರಿಣಾಮ ಕಂಡುಬರಲಿಲ್ಲ. ಗಮನಿಸಬೇಕಾದ ಅಂಶವೆಂದರೆ, ಅಲ್ಲಿ ಯಾರೂ ಯಾರನ್ನೂ ಹೊಸದಾಗಿ ಕೆರಳಿಸಿರಲಿಲ್ಲ. ಬರಿಯ ನೆನಪೇ ಅಷ್ಟು ಮಾಡಿತು. ಮೂರನೆಯ ಗುಳಿಯಲ್ಲಿ ತಪ್ಪಿದ ಹೊಡೆತವನ್ನು ಆರನೆಯ ಗುಳಿಯವರೆಗೂ ಮೆಲುಕು ಹಾಕುವವನು ಈ ಪ್ರಯೋಗವನ್ನು ತನ್ನ ಮೇಲೆ ತಾನೇ ಮತ್ತೆ ಮತ್ತೆ ನಡೆಸಿಕೊಳ್ಳುತ್ತಿರುತ್ತಾನೆ.

ಇನ್ನೂ ಗಂಭೀರವಾದುದು 2014ರಲ್ಲಿ ಯುರೋಪಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಬಂದ ಸಮೀಕ್ಷೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಅದರ ಪ್ರಕಾರ, ಕೋಪವು ಸ್ಫೋಟಗೊಂಡ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಸಂಭವವು ಇತರ ವೇಳೆಗಿಂತ ಸುಮಾರು ಐದು ಪಟ್ಟು ಹೆಚ್ಚು. ಆರೋಗ್ಯವಂತನಾದ ತರುಣನಲ್ಲಿ ಮೂಲ ಸಂಭವವೇ ಅತ್ಯಲ್ಪವಾದ್ದರಿಂದ ಐದು ಪಟ್ಟಾದರೂ ಅದು ಅಲ್ಪವೇ. ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ ಇವುಗಳಲ್ಲಿ ಒಂದೆರಡನ್ನು ಜೊತೆಯಲ್ಲಿಟ್ಟುಕೊಂಡ ಐವತ್ತು ದಾಟಿದವರ ವಿಷಯ ಬೇರೆ. ಈ ಆಟಕ್ಕೆ ಬಿಡುವು ದೊರಕುವುದೂ ಸಾಮಾನ್ಯವಾಗಿ ಆ ವಯಸ್ಸಿನಲ್ಲಿಯೇ.

ಇನ್ನು ಆಟದ ಮೇಲಿನ ಪರಿಣಾಮ. ಸಿಟ್ಟಿನಲ್ಲಿ ಕೋಲಿನ ಹಿಡಿತ ತಾನಾಗಿ ಬಿಗಿಯುತ್ತದೆ. ಮುಂಗೈ ಮತ್ತು ಹೆಗಲು ಸೆಟೆಯುತ್ತವೆ. ಸಾವಕಾಶವಾಗಿ ಬೀಸಬೇಕಾದುದನ್ನು ಅವಸರದಲ್ಲಿ ಬೀಸುವಂತಾಗುತ್ತದೆ. ಎರಡನೆಯ ಹೊಡೆತ ಕೆಡುವುದು ಕೌಶಲದ ಕೊರತೆಯಿಂದಲ್ಲ, ಮೊದಲನೆಯದರ ಬಾಕಿಯನ್ನು ಹೊಸ ಪುಟಕ್ಕೆ ಎಳೆದು ತಂದುದರಿಂದ.

ಬಾಕಿಯನ್ನು ಒಂದೇ ಏಟಿಗೆ ವಸೂಲು ಮಾಡಹೊರಟರೆ ಏನಾಗುವುದೆಂಬುದಕ್ಕೆ ಗಾಲ್ಫ್ ಲೋಕವು ಮರೆಯದ ಉದಾಹರಣೆಯೊಂದಿದೆ. 1999ರ ಜುಲೈ ತಿಂಗಳಲ್ಲಿ ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ಬ್ರಿಟಿಷ್ ಓಪನ್ ಪಂದ್ಯ. ಫ್ರಾನ್ಸಿನ ಜೀನ್ ವಾನ್ ದ ವೆಲ್ದ್ ಕಟ್ಟಕಡೆಯ ಗುಳಿಗೆ ಬಂದಾಗ ಮೂರು ಹೊಡೆತಗಳಿಂದ ಮುಂದಿದ್ದರು. ನಾಲ್ಕರಲ್ಲಿ ಮುಗಿಸಬೇಕಾದ ಆ ಗುಳಿಯನ್ನು ಆರರಲ್ಲಿ ಮುಗಿಸಿದ್ದರೂ ಪ್ರಶಸ್ತಿ ಅವರದೇ. ಮೊದಲ ಹೊಡೆತ ಬಲಕ್ಕೆ ಸರಿಯಿತು. ಎರಡನೆಯದು ಪ್ರೇಕ್ಷಕರ ಅಟ್ಟಣೆಯ ಕಂಬಿಗೆ ಬಡಿದು ಹಿಂದಕ್ಕೆ ಚಿಮ್ಮಿ ದಟ್ಟ ಹುಲ್ಲಿನಲ್ಲಿ ಬಿದ್ದಿತು. ಇಷ್ಟಾದರೂ ಕೈಯಲ್ಲಿ ಇನ್ನೂ ನಾಲ್ಕು ಹೊಡೆತಗಳ ಬಂಡವಾಳವಿತ್ತು. ಒಂದನ್ನು ಖರ್ಚು ಮಾಡಿ ಚೆಂಡನ್ನು ಪಕ್ಕದ ಸಮತಟ್ಟಾದ ನೆಲಕ್ಕೆ ತಳ್ಳಿದ್ದರೆ ಸಾಕಾಗುತ್ತಿತ್ತು. ಅವರು ಹಾಗೆ ಮಾಡದೆ ಮುಂದಿನ ತೊರೆಯನ್ನು ದಾಟಿಸಲು ಬೀಸಿದರು. ಚೆಂಡು ತೊರೆಯಲ್ಲಿ ಬಿದ್ದಿತು. ಬೂಟು, ಕಾಲುಚೀಲಗಳನ್ನು ಕಳಚಿ ನೀರಿಗಿಳಿದು, ಅಲ್ಲಿಂದಲೇ ಹೊಡೆಯಲೇ ಎಂದು ನೋಡಿ, ಕೊನೆಗೆ ಒಂದು ಹೊಡೆತದ ದಂಡ ತೆತ್ತರು. ಮುಂದಿನದು ಮರಳುಗುಂಡಿಗೆ ಹೋಯಿತು. ಒಟ್ಟು ಏಳು. ಆಮೇಲೆ ಸಮಬಲದವರ ನಡುವೆ ನಡೆದ ಮರುಪಂದ್ಯದಲ್ಲಿ ಸ್ಕಾಟ್ಲೆಂಡಿನವರೇ ಆದ ಪಾಲ್ ಲಾರಿ ಗೆದ್ದರು. ಆ ಕೊನೆಯ ಏಳನೆಯ ಹೊಡೆತದಲ್ಲಿ, ಹಲವು ಅಡಿ ದೂರದಿಂದ, ವಾನ್ ದ ವೆಲ್ದ್ ಚೆಂಡನ್ನು ನೇರವಾಗಿ ಗುಳಿಗೆ ಸೇರಿಸಿದರೆಂಬುದನ್ನು ಮಾತ್ರ ಜನರು ಅಷ್ಟಾಗಿ ನೆನೆಯುವುದಿಲ್ಲ. ಅಷ್ಟೆಲ್ಲ ಆದ ಮೇಲೆಯೂ ಕೈ ನಡುಗದಿದ್ದುದು ಸಾಮಾನ್ಯ ಸಂಗತಿಯಲ್ಲ.

ಡೊಂಬಿವಲಿಯ ಪ್ಲಾಟ್‌ಫಾರ್ಮಿನ ಮೇಲೆ ದಿನವೂ ಕಾಣಸಿಗುವ ದೃಶ್ಯವೂ ಇದೇ ಜಾತಿಯದು. ವೇಗದ ಲೋಕಲ್ ಒಂದು ತಪ್ಪಿತೆಂದು ಮುಂದಿನ ಗಾಡಿ ನಿಲ್ಲುವ ಮೊದಲೇ ಜಿಗಿಯಲು ಹೋಗುವವನು ಕಳೆದುಕೊಂಡದ್ದು ಕೆಲವೇ ನಿಮಿಷಗಳನ್ನು. ಪಣಕ್ಕೆ ಒಡ್ಡುವುದು ಕೈಕಾಲುಗಳನ್ನು.

ಹಾಗಾದರೆ ಚಿತ್ತಸ್ವಾಸ್ಥ್ಯವನ್ನು ಕಾಪಾಡಿಕೊಳ್ಳುವ ಬಗೆ ಯಾವುದು? ಅಮೆರಿಕದ ವಾಲ್ಟರ್ ಹೇಗನ್, ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹನ್ನೊಂದು ಪ್ರಧಾನ ಪ್ರಶಸ್ತಿಗಳನ್ನು ಗೆದ್ದವರು, ಪ್ರತಿ ಸುತ್ತಿನಲ್ಲಿಯೂ ಏಳು ಕೆಟ್ಟ ಹೊಡೆತಗಳು ಬಂದೇ ಬರುವುವೆಂದು ಮೊದಲೇ ಎಣಿಸಿಕೊಂಡು ಆಟಕ್ಕಿಳಿಯುತ್ತಿದ್ದರಂತೆ. ಲೆಕ್ಕಪತ್ರ ಬಲ್ಲವರಿಗೆ ಈ ಕ್ರಮ ಹೊಸದಲ್ಲ. ವಸೂಲಾಗದ ಸಾಲಗಳು ಇದ್ದೇ ಇರುತ್ತವೆಂದು ತಿಳಿದು ಅವುಗಳಿಗಾಗಿ ಲಾಭದಲ್ಲಿ ಒಂದಂಶವನ್ನು ಮೀಸಲಿಡುವುದು ವಿವೇಕದ ಪದ್ಧತಿ. ಮೀಸಲಿಟ್ಟವನಿಗೆ ಸಾಲ ಮುಳುಗಿದ ದಿನ ಬೇಸರವಾದೀತು, ದಿಗಿಲಾಗದು. ಹೇಗನ್‌ರಂಥ ನಿಪುಣರೇ ಏಳನ್ನು ಮೀಸಲಿಟ್ಟರೆ, ಭಾನುವಾರದ ಆಟಗಾರನು ಇಪ್ಪತ್ತನ್ನಾದರೂ ಮೀಸಲಿಡಬೇಕು. ಆಗ ಹನ್ನೆರಡನೆಯ ತಪ್ಪು ಬಂದಾಗಲೂ ಖಾತೆಯಲ್ಲಿ ಎಂಟು ಉಳಿದಿರುತ್ತವೆ.

ಮನಸ್ಸಿನ ಮೀಸಲು ಎಂದರೇನೆಂಬುದನ್ನು ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರ ಆಟದಲ್ಲಿ ಕಾಣಬಹುದು. 1998ರಲ್ಲಿ ಜನಿಸಿದ ಅವರು ಐದರ ಪ್ರಾಯದಲ್ಲಿ, ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನಕ್ಕೆ ಎದುರಾಗಿದ್ದ ಉಪಾಹಾರಗೃಹಕ್ಕೆ ತಂದೆತಾಯಿಗಳೊಡನೆ ಹೋಗಿದ್ದಾಗ ಈ ಆಟವನ್ನು ಕಂಡು ಕುತೂಹಲ ತಾಳಿದವರು. 2021ರ ಆಗಸ್ಟಿನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ವಿಶ್ವದ ಶ್ರೇಯಾಂಕದಲ್ಲಿ 200ನೆಯವರಾಗಿದ್ದ ಅವರು ತಾಯಿಯನ್ನೇ ಕ್ಯಾಡಿಯಾಗಿ ಜೊತೆಯಲ್ಲಿಟ್ಟುಕೊಂಡು 67, 66, 68, 68 ಹೊಡೆತಗಳಲ್ಲಿ ನಾಲ್ಕು ಸುತ್ತುಗಳನ್ನು ಮುಗಿಸಿದರು. ಒಂದೇ ಒಂದು ಹೊಡೆತದಿಂದ ಪದಕ ಕೈತಪ್ಪಿ ನಾಲ್ಕನೆಯ ಸ್ಥಾನ ದೊರೆಯಿತು. ನಾಲ್ಕು ದಿನಗಳ ಅಂಕಿಗಳು ಇಷ್ಟು ಹತ್ತಿರ ಹತ್ತಿರವಿರುವುದೇ ಸಮಚಿತ್ತದ ಲಕ್ಷಣ.

ಇದಕ್ಕಿಂತ ಕಠಿಣವಾದ ಪರೀಕ್ಷೆ 2023ರಲ್ಲಿ ಚೀನದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎದುರಾಯಿತು. ಮೂರನೆಯ ಸುತ್ತಿನಲ್ಲಿ 61 ಹೊಡೆತಗಳ ಅಸಾಧಾರಣ ಆಟವಾಡಿ ಏಳು ಹೊಡೆತಗಳಿಂದ ಮುಂದಿದ್ದ ಅದಿತಿಯವರಿಗೆ ಅಕ್ಟೋಬರ್ 1ರ ಕೊನೆಯ ಸುತ್ತಿನಲ್ಲಿ 77 ಬೇಕಾಯಿತು. ಥಾಯ್ಲೆಂಡಿನ ಆಟಗಾರ್ತಿ ಎರಡು ಹೊಡೆತಗಳಿಂದ ಸ್ವರ್ಣವನ್ನು ಗೆದ್ದರು. ಏಷ್ಯನ್ ಕ್ರೀಡಾಕೂಟದ ಗಾಲ್ಫಿನಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಎಂಬ ಕೀರ್ತಿ ಅದಿತಿಯವರದಾದರೂ, ಪತ್ರಿಕೆಗಳು ಕೈಜಾರಿದ ಚಿನ್ನದ ಬಗೆಗೇ ಹೆಚ್ಚು ಬರೆದವು. ಅಂದು ಒಂದು ದಿನದಲ್ಲಿ ಹದಿನಾರು ಹೊಡೆತಗಳ ಅಂತರ ಏಕಾಯಿತೆಂದು ಮನೆಯಲ್ಲಿ ಕುಳಿತು ವಿಶ್ಲೇಷಿಸುವುದು ಸುಲಭ. ತಿಳಿಯಬೇಕಾದುದು ಮುಂದಿನ ಸಂಗತಿ: ಎರಡು ತಿಂಗಳು ತುಂಬುವ ಮೊದಲೇ, ಅದೇ ನವೆಂಬರಿನಲ್ಲಿ, ಅವರು ಸ್ಪೇನಿನ ಮಹಿಳಾ ಓಪನ್ ಪಂದ್ಯವನ್ನು ಗೆದ್ದರು. 2024ರಲ್ಲಿ ಪ್ಯಾರಿಸ್‌ಗೆ ಹೋಗಿ ಮೂರನೆಯ ಒಲಿಂಪಿಕ್ಸ್ ಆಡಿದರು. ಚಿತ್ತಸ್ವಾಸ್ಥ್ಯವೆಂದರೆ ಎಂದೂ ಕೆಡದ ಆಟವಲ್ಲ. ಕೆಟ್ಟ ದಿನವು ಮರುದಿನದ ಮೇಲೆ ಹಕ್ಕು ಸಾಧಿಸದಂತೆ ನೋಡಿಕೊಳ್ಳುವ ಅಭ್ಯಾಸ.

ಅಭ್ಯಾಸವೆಂದ ಮೇಲೆ ಅದಕ್ಕೆ ಕ್ರಮವೂ ಇರಬೇಕು. ಕೋಪವನ್ನು ನುಂಗಿಕೊಂಡು ಮುಗುಳ್ನಗುವುದು ಕ್ರಮವಲ್ಲ. ನುಂಗಿದ ಕೋಪವೂ ಶರೀರದೊಳಗೇ ಇರುತ್ತದೆ. ಅದಕ್ಕೆ ಅವಧಿಯೊಂದನ್ನು ಗೊತ್ತುಪಡಿಸುವುದು ಮೇಲು. ಕೋಲನ್ನು ಚೀಲಕ್ಕೆ ಮರಳಿಸುವವರೆಗೆ ಬೇಸರಪಡಲು ಅನುಮತಿ. ಚೀಲಕ್ಕೆ ಸೇರಿದೊಡನೆ ಆ ಹೊಡೆತದ ಖಾತೆ ಮುಚ್ಚಿತು. ಆಮೇಲಿನ ನಡಿಗೆಯಲ್ಲಿ ಉಸಿರನ್ನು ಮೂರು ಹೆಜ್ಜೆಗಳಷ್ಟು ಕಾಲ ಒಳಗೆಳೆದು ಆರು ಹೆಜ್ಜೆಗಳಷ್ಟು ಕಾಲ ಹೊರಬಿಡಬೇಕು. ನಿಶ್ವಾಸವು ದೀರ್ಘವಾದಾಗ ಮಿದುಳಿನಿಂದ ಹೃದಯಕ್ಕಿಳಿಯುವ ವೇಗಸ್ ಎಂಬ ನರವು ಬಡಿತವನ್ನು ನಿಧಾನಗೊಳಿಸುತ್ತದೆ. ಪ್ರಾಣಾಯಾಮ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆರಳುಗಳನ್ನು ಪೂರ್ತಿ ಬಿಡಿಸಿ ತೋಳನ್ನು ಜೋಲುಬಿಡುವುದೂ, ನೆಲ ನೋಡದೆ ದೂರದ ಬೆಟ್ಟದ ಮೇಲೆ ದೃಷ್ಟಿ ಇಡುವುದೂ ಸಹಾಯಕ. ಚೆಂಡಿನ ಬಳಿ ತಲುಪಿದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹತ್ತು ಸಲ ಹೊಡೆದರೆ ಎಂಟು ಸಲ ಸಿದ್ಧಿಸುವ ಹೊಡೆತ ಇಲ್ಲಿಂದ ಯಾವುದು? ಅದನ್ನೇ ಆರಿಸಬೇಕು. ಜೊತೆಗಾರರಿಗೂ ಒಂದು ಕರ್ತವ್ಯವಿದೆ. ಆ ಐದು ನಿಮಿಷ ಉಪದೇಶ ಮಾಡದೆ ಸುಮ್ಮನಿರುವುದು. ನಮ್ಮವರಿಗೆ ಇದು ಬಹಳ ಕಷ್ಟ.

ಎಲ್ಲ ಸಿಡುಕೂ ಮನಸ್ಸಿನದೇ ಎಂದು ಭಾವಿಸಲಾಗದು. ಖಾರ್‌ಘರಿನ ಅಕ್ಟೋಬರ್ ಬಿಸಿಲಿನಲ್ಲಿ ನೀರು ಕುಡಿಯದೆ ಎರಡು ಗಂಟೆ ನಡೆದವನಿಗೆ ತಲೆನೋವು, ಅಸಹನೆ ಸಹಜ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು, ಬೆಳಗಿನ ಉಪಾಹಾರ ಬಿಟ್ಟು ಬಂದವರಲ್ಲಿ ರಕ್ತದ ಸಕ್ಕರೆ ಇಳಿದರೆ ಕೈ ನಡುಗುತ್ತದೆ, ಬೆವರು ಬರುತ್ತದೆ, ಕಾರಣವಿಲ್ಲದ ಸಿಟ್ಟೂ ಬರುತ್ತದೆ. ಚೀಲದಲ್ಲಿ ನೀರು ಮತ್ತು ಗ್ಲೂಕೋಸ್ ಅಥವಾ ಸಕ್ಕರೆ ಇರಲಿ. ಎದೆಯಲ್ಲಿ ಹಿಂಡಿದಂತಹ ನೋವು, ಅದು ಎಡತೋಳಿಗೋ ದವಡೆಗೋ ಹರಿಯುವುದು, ತಣ್ಣನೆಯ ಬೆವರು, ಏದುಸಿರು ಇವು ಕಂಡರೆ ಆಟದ ಉದ್ವೇಗವೆಂದು ತಳ್ಳಿಹಾಕಿ ಮುಂದಿನ ಗುಳಿಯತ್ತ ನಡೆಯಬಾರದು. ಅಲ್ಲಿಯೇ ಕುಳಿತು, ಜೊತೆಗಾರರಿಗೆ ತಿಳಿಸಿ, ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಎಣಿಕೆಚೀಟಿಯನ್ನು ಜೊತೆಯವರು ತುಂಬಿಕೊಳ್ಳುತ್ತಾರೆ.