ಪುಟ್ಟ ಜೀಪು

ಜೀಪನ್ನು ನಾವೆಲ್ಲ ನೋಡಿದ್ದೇವೆ. 1941ರಲ್ಲಿ, ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ವಿಲ್ಲಿಸ್ ಕಂಪನಿ ಸೈನ್ಯಕ್ಕಾಗಿ ಜೀಪು ತಯಾರಿಸಿತು. ಅಂಥದ್ದೇ ಪುಟ್ಟ ಜೀಪು ಮಾಡೋಣ ಬನ್ನಿ. ಅದು ಓಡಲೂ ಬೇಕು!

ಮೊದಲು ಅಳತೆ. ದೊಡ್ಡ ಜೀಪಿನ ಉದ್ದ ಸುಮಾರು 11 ಅಡಿ. ಅಂದರೆ 132 ಇಂಚು. ಅದನ್ನು 10 ಪಾಲು ಮಾಡೋಣ. ನಮ್ಮ ಜೀಪು 13 ಇಂಚು, ಸುಮಾರು ಒಂದೂವರೆ ಗೇಣು. ಅಗಲ, ಎತ್ತರವನ್ನೂ 10 ಪಾಲೇ ಮಾಡಬೇಕು. ರವಿಕೆಗೆ ಒಂದು ಕಡೆ ಅಳತೆ ತಪ್ಪಿದರೆ ಏನಾಗುತ್ತೆ? ಇದೂ ಹಾಗೇ.

ಕೆಳಗಿನ ಚೌಕಟ್ಟಿಗೆ ಚಕ್ರ, ಮೋಟಾರು, ಬ್ಯಾಟರಿ ಕೂರಿಸಬೇಕು. ನಮ್ಮ ಕೈಯಲ್ಲಿರುವ ಪೆಟ್ಟಿಗೆ ರೇಡಿಯೋ ಅಲೆ ಕಳಿಸುತ್ತದೆ. ಜೀಪಿನೊಳಗಿನ ರಿಸೀವರ್ ಅದನ್ನು ಹಿಡಿಯುತ್ತದೆ. ತಂತಿ ಬೇಡ. 1898ರಲ್ಲೇ ಟೆಸ್ಲಾ ಎಂಬ ವಿಜ್ಞಾನಿ ನ್ಯೂಯಾರ್ಕಿನಲ್ಲಿ ಹೀಗೆ ಪುಟ್ಟ ದೋಣಿ ನಡೆಸಿ ತೋರಿಸಿದರು.

ಎಚ್ಚರ! ಬ್ಯಾಟರಿಯ ಮೇಲಿನ + ಮತ್ತು − ಗುರುತು ಓದಿಯೇ ತಂತಿ ಜೋಡಿಸಬೇಕು. ಅದಲು ಬದಲಾದರೆ ಒಳಗಿನ ಭಾಗಗಳು ಸುಟ್ಟು ಹೋಗಬಹುದು.

ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮೈ ಮಾಡೋಣ. ಮುಂದಿನ ಜಾಲರಿಗೆ 9 ಸೀಳು. ಎಣಿಸಿ ನೋಡಿ. 7 ಆದರೆ ಅದು ಯುದ್ಧ ಮುಗಿದ ಮೇಲೆ ಜನರಿಗೆ ಮಾರಿದ ಜೀಪು! ಪಕ್ಕಕ್ಕೆ ಸಣ್ಣ ಸಲಿಕೆ, ಕೊಡಲಿ. ಹಿಂದೆ ಇನ್ನೊಂದು ಚಕ್ರ. ಮೈಗೆ ಹೊಳಪಿಲ್ಲದ ಹಸಿರು ಬಣ್ಣ. ಹೊಳೆದರೆ ಶತ್ರುವಿಗೆ ಕಾಣುತ್ತಲ್ಲ! ಕೊನೆಗೆ ಚಕ್ರಕ್ಕೆ ಕೆಸರಿನ ಬಣ್ಣ.

"ಇದು ಗಂಡಸರ ಕೆಲಸ" ಅಂತಾರೆ ಕೆಲವರು. ಅಳೆಯುವುದು, ಕತ್ತರಿಸುವುದು, ಎಣಿಸುವುದು ನಮಗೆ ಹೊಸದೇ? ಗುರುತು ಓದುವುದನ್ನೂ ಈಗ ಕಲಿತೆವು.

ಲೆಕ್ಕ ಮಾಡಿ: ಮೇಲ್ಹೊದಿಕೆ ಹಾಕಿದ ದೊಡ್ಡ ಜೀಪಿನ ಎತ್ತರ ಸುಮಾರು 70 ಇಂಚು. ನಮ್ಮ ಜೀಪಿನ ಎತ್ತರ ಎಷ್ಟು?