ತೊನ್ನು ಕುಷ್ಠವಲ್ಲ

ಹುಡುಗಿಯ ತುಟಿಯಂಚಿನಲ್ಲಾಗಲಿ ಬೆರಳ ತುದಿಯಲ್ಲಾಗಲಿ ಬಿಳಿಯ ಚುಕ್ಕೆಯೊಂದು ಕಾಣಿಸಿತೆಂದರೆ ಮನೆಯವರಿಗೆ ಮೊದಲು ನೆನಪಾಗುವುದು ವೈದ್ಯರಲ್ಲ, ಆಕೆಯ ಮದುವೆ. ಉದ್ದ ತೋಳಿನ ರವಿಕೆಯಿಂದ ಅದನ್ನು ಮರೆಮಾಡುವರು. ಪಕ್ಕದಲ್ಲಿ ಕುಳಿತುಕೊಳ್ಳುವ ಗೆಳತಿಯ ತಾಯಿಯು, ತನ್ನ ಮಗಳಿಗೆ ಬೇರೆ ಬೆಂಚು ಕೊಡಿರೆಂದು ನಮ್ಮನ್ನು ಕೇಳುವುದೂ ಉಂಟು. ಅಂಥವರಿಗೆ ನಾವು ಹೇಳುವುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇವೆ.

ತೊನ್ನಿಗೆ ಬಿಳಿ ಕುಷ್ಠವೆಂದು ಹೆಸರಿಟ್ಟುದರಿಂದಲೇ ಅರ್ಧ ಅನರ್ಥವಾಗಿದೆ. ಕುಷ್ಠವು ರೋಗಾಣುವಿನಿಂದ ಉಂಟಾಗುವುದು. ಆ ಅಣುವನ್ನು 1873ರಲ್ಲಿ ನಾರ್ವೆ ದೇಶದ ಹಾನ್ಸೆನ್ ಎಂಬ ವೈದ್ಯರು ಕಂಡುಹಿಡಿದರು. ಈಗ ಅದೂ ಔಷಧದಿಂದ ಗುಣವಾಗುವ ರೋಗವೇ. ಅದರ ಮಚ್ಚೆಯು ಮಾಸಲಾಗಿಯೋ ಕೆಂಪಾಗಿಯೋ ಇರುವುದಲ್ಲದೆ ಹಾಲಿನಂತೆ ಬೆಳ್ಳಗಿರದು. ಸಾಮಾನ್ಯವಾಗಿ ಅಲ್ಲಿ ಸ್ಪರ್ಶಜ್ಞಾನವು ಕುಂದಿರುವುದು. ತೊನ್ನಿನ ಮಚ್ಚೆಯಾದರೋ ಸುಣ್ಣ ಬಳಿದಂತೆ ಅಚ್ಚ ಬಿಳುಪು, ಅಂಚು ಸ್ಪಷ್ಟ. ಹತ್ತಿಯ ಎಳೆ ಸೋಕಿದರೂ ಅಲ್ಲಿ ತಿಳಿಯುತ್ತದೆ. ರೋಗಾಣುವೇ ಇಲ್ಲದ ಕಾರಣ ಮುಟ್ಟುವುದರಿಂದಾಗಲಿ ಒಟ್ಟಿಗೆ ಉಣ್ಣುವುದರಿಂದಾಗಲಿ ಅದು ಅಂಟುವುದಿಲ್ಲ.

ಹಾಗಾದರೆ ಬರುವುದೇತಕ್ಕೆ? ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವನ್ನು ತಯಾರಿಸುವ ಜೀವಕೋಶಗಳನ್ನು, ದೇಹವನ್ನು ಕಾಯಬೇಕಾದ ರಕ್ತದ ಬಿಳಿಯ ಕಣಗಳೇ ಶತ್ರುಗಳೆಂದು ಭ್ರಮಿಸಿ ನಾಶಮಾಡುತ್ತವೆ. ಕೆಲವು ಮನೆತನಗಳಲ್ಲಿ ಈ ಪ್ರವೃತ್ತಿಯು ಹೆಚ್ಚು. ಆದರೂ ತಾಯಿಗೆ ಇದ್ದ ಮಾತ್ರಕ್ಕೆ ಮಗಳಿಗೆ ಬಂದೇ ಬರುವುದೆಂದಿಲ್ಲ. ಥೈರಾಯ್ಡ್ ಗ್ರಂಥಿಯ ತೊಂದರೆಯು ಇಂಥವರಲ್ಲಿ ಇತರರಿಗಿಂತ ಹೆಚ್ಚಾಗಿ ಕಾಣುವುದರಿಂದ ವೈದ್ಯರು ರಕ್ತಪರೀಕ್ಷೆ ಮಾಡಿಸಬಹುದು. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುವುದೆಂಬ ಮಾತಿಗೆ ಆಧಾರವಿಲ್ಲ. ಈ ಮಾತನ್ನು ನಂಬಿ ಬೆಳೆಯುವ ಮಕ್ಕಳಿಗೆ ಹಾಲು ತಪ್ಪಿಸುವುದು ನಮಗೆ ಸರಿಯೆನಿಸದು.

ಲೋಕದಲ್ಲಿ ನೂರಿನ್ನೂರು ಜನರಿಗೆ ಒಬ್ಬರಂತೆ ತೊನ್ನು ಇರುವುದು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 20 ವರುಷದೊಳಗೇ ಮೊದಲಾಗುವುದು. ಆದುದರಿಂದಲೇ ಶಾಲೆಯಲ್ಲಿ ಇದರ ಮಾತು ಬರುತ್ತದೆ. ಈ ರೋಗವುಳ್ಳವರಿಗೆ ಗಾಯವಾದಲ್ಲಿ, ಸುಟ್ಟಲ್ಲಿ, ಲಂಗದ ಲಾಡಿ ಬಿಗಿದು ಉಜ್ಜಿದ ಸೊಂಟದಲ್ಲಿ ಹೊಸ ಮಚ್ಚೆ ಏಳುವುದುಂಟು. ಕೆಲವು ರಾಸಾಯನಿಕ ವಸ್ತುಗಳೂ ಬಣ್ಣವನ್ನು ಕೆಡಿಸುತ್ತವೆ. ಅಮೇರಿಕದ ಚರ್ಮ ಹದಮಾಡುವ ಕಾರ್ಖಾನೆಯೊಂದರಲ್ಲಿ ರಬ್ಬರಿನ ಕೈಚೀಲ ತೊಟ್ಟ ಕೆಲಸಗಾರರ ಕೈಗಳು ಬಿಳುಪಾದುದು 1939ರಲ್ಲಿ ವರದಿಯಾಯಿತು. ನಮ್ಮಲ್ಲಿ ಅಂಟುಬೊಟ್ಟಿನ ಗೋಂದು ಹಣೆಯ ಮೇಲೆ ಹಾಗೆಯೇ ಮಾಡುವುದುಂಟು. ಬೊಟ್ಟಿನ ಅಡಿಯಲ್ಲಿ ತುರಿಕೆಯಾಗಲಿ ಬಿಳುಪಾಗಲಿ ಕಂಡರೆ ತಾಯಂದಿರು ಅದನ್ನು ಅಂದೇ ಬಿಡಿಸತಕ್ಕದ್ದು.

ಚಿಕಿತ್ಸೆಯು ನಿಧಾನ, ತಿಂಗಳುಗಟ್ಟಲೆ ಹಿಡಿಯುವುದು. ವೈದ್ಯರು ಲೇಪನವನ್ನೂ ಅಳತೆಯ ನೇರಳಾತೀತ ಕಿರಣವನ್ನೂ ಉಪಯೋಗಿಸುವರು. ಮುಖದ ಮಚ್ಚೆಯು ಬೇಗ ಮಣಿಯುವುದು. ಬೆರಳ ತುದಿಯದು ಹಟಮಾರಿ. ಮಚ್ಚೆಯೊಳಗಿನ ರೋಮಗಳು ಇನ್ನೂ ಕಪ್ಪಾಗಿರುವಾಗಲೇ ಮಗುವನ್ನು ಕರೆದೊಯ್ದರೆ ಒಳ್ಳೆಯದು, ಏಕೆಂದರೆ ಹೋದ ಬಣ್ಣವು ಬಹುಮಟ್ಟಿಗೆ ಆ ರೋಮಗಳ ಬುಡದಿಂದಲೇ ಸಾಸಿವೆಯಂಥ ಚುಕ್ಕೆಗಳಾಗಿ ಹಿಂದಿರುಗುತ್ತದೆ.